ಹತ್ತು ಮೀಟರ್ ಆಟಕ್ಕೆ ಎಂಥ ಕ್ಯಾಮೆರಾ?

ಕಳೆದ ವರ್ಷ ಗಣೇಶ ಚೌತಿ ಮುಗಿದ ವಾರ ನನ್ನ ಹೆಂಡತಿ ತನ್ನ ಏರ್ ಪಿಸ್ತೂಲ್ ಮಾರುವ ಮಾತು ತೆಗೆದಳು. ಡೊಂಬಿವಲಿ ಪೂರ್ವದ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಆ ಪೆಟ್ಟಿಗೆ ಕಪಾಟಿನ ಮೇಲಿನ ಅರ್ಧ ಜಾಗ ಹಿಡಿದಿದೆ. ಅದು ಕಾರಣವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎಂಟು ತಿಂಗಳಿಂದ ಅವಳ ಸ್ಕೋರು 600ಕ್ಕೆ 535ರ ಆಸುಪಾಸಿನಲ್ಲೇ ನಿಂತಿತ್ತು. ವಾರಕ್ಕೆ ಮೂರು ದಿನ ಆಫೀಸಿನಿಂದ ಬಂದು, ಮಗನಿಗೆ ಉಣ್ಣಿಸಿ, ಕಲ್ಯಾಣದ ರೇಂಜಿಗೆ ಓಡಿ, ಗಂಟೆಯ ಲೆಕ್ಕದಲ್ಲಿ ಲೇನಿಗೆ ದುಡ್ಡು ಕೊಟ್ಟು ಹೊಡೆದದ್ದಕ್ಕೆ ಅಷ್ಟೇ ಪ್ರತಿಫಲ.

ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಅವಳಿಗೆ ರೈಫಲ್ ಹಿಡಿಯುವುದನ್ನು ಕಲಿಸಿದ, ಸೇನೆಯಿಂದ ನಿವೃತ್ತರಾದ ಒಬ್ಬರು ಈಗ ಹುಬ್ಬಳ್ಳಿಯಲ್ಲಿದ್ದಾರೆ. ಮಾರುವ ಮೊದಲು ಅವರಿಗೊಂದು ಮಾತು ಹೇಳೋಣ ಎಂದು ಫೋನ್ ಮಾಡಿದಳು. ಅವರು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನೀ ಹೊಡಿಯೂದನ್ನ ನೋಡಲಾರದ ನಾ ಏನಂತ ಹೇಳ್ಲಿ ಅವ್ವಾ? ಒಂದು ವಿಡಿಯೋ ಮಾಡಿ ಕಳಸು. ನೋಡಿ ಹೇಳ್ತೀನಿ. ಆಮ್ಯಾಲೆ ಮಾರಾಕ ಬರ್ತೈತಿ" ಅಂದರು.

ಹೀಗೆ ಕ್ಯಾಮೆರಾ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಎಂಟೆಕ್ ಮಾಡಿದವನು, ಮಹಾಪೆಯಲ್ಲಿ ದಿನವಿಡೀ ಕೋಡ್ ಬರೆಯುವವನು, ಒಂದು ಸಣ್ಣ ವಿಡಿಯೋ ಕ್ಯಾಮೆರಾ ಆರಿಸಲಾರೆನೇ ಎಂಬ ಹಮ್ಮಿನಲ್ಲಿ ಅಂದು ರಾತ್ರಿಯೇ ಆನ್‌ಲೈನಿನಲ್ಲಿ ಒಂದು ಆಕ್ಷನ್ ಕ್ಯಾಮೆರಾ ತರಿಸಿದೆ. ಒಂಬತ್ತು ಸಾವಿರ ರೂಪಾಯಿ. ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 4ಕೆ. ಮೊದಲ ಭಾನುವಾರದ ವಿಡಿಯೋವನ್ನು ಮನೆಯ ಟಿವಿಯಲ್ಲಿ ಹಾಕಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ರೀ, ಇದರಾಗ ನಾ ಎಲ್ಲಿ ಅದೀನಿ?" ಅಂದಳು. ರೇಂಜಿನ ಐದೂ ಲೇನುಗಳು, ಗೋಡೆಯ ಫ್ಯಾನು, ಕುರ್ಚಿಯ ಮೇಲೆ ಕೂತ ಇಬ್ಬರು ಅಪ್ಪಂದಿರು ಎಲ್ಲ ಚೆನ್ನಾಗಿ ಬಂದಿದ್ದರು. ಅವಳ ಕೈ ಮಾತ್ರ ಬೆಂಕಿಕಡ್ಡಿಯಷ್ಟಿತ್ತು.

ತಪ್ಪು ಕ್ಯಾಮೆರಾದ್ದಲ್ಲ. ಬೈಕಿಗೆ, ಹೆಲ್ಮೆಟ್ಟಿಗೆ ಕಟ್ಟಿಕೊಂಡು ಮಾಳ್ಶೇಜ್ ಘಾಟಿನ ಮಳೆ ಹಿಡಿಯಲು ಮಾಡಿದ ವಸ್ತು ಅದು. ಏನನ್ನು ನೋಡಬೇಕು ಎಂದು ಕೇಳಿಕೊಳ್ಳದೆ ಕೊಂಡವನು ನಾನು. ಕೊಳ್ಳುವ ಮೊದಲು ಹಾಕಬೇಕಿದ್ದ ಲೆಕ್ಕವನ್ನು ಕೊಂಡ ಮೇಲೆ ಹಾಕಿದೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಕ್ಕಳನ್ನು ರೇಂಜಿಗೆ ಕಳಿಸುವ ಎಷ್ಟೋ ಮನೆಗಳಲ್ಲಿ ಇದೇ ದುಡ್ಡು ಇದೇ ರೀತಿ ಹೋಗುತ್ತಿರಬಹುದು. ನಮ್ಮ ಕಡೆ ಈ ಆಟದ ಹುಚ್ಚು ಹೆಚ್ಚಿದೆ. 2022ರ ಅಕ್ಟೋಬರ್‌ನಲ್ಲಿ ಠಾಣೆಯ ಹುಡುಗ ರುದ್ರಾಂಕ್ಷ್ ಪಾಟೀಲ್ ಕೈರೋದಲ್ಲಿ 10 ಮೀಟರ್ ಏರ್ ರೈಫಲ್ ವಿಶ್ವ ಚಾಂಪಿಯನ್ ಆದ. ಆ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ನಂತರ ಆ ಪಟ್ಟ ಪಡೆದ ಎರಡನೆಯ ಭಾರತೀಯ ಅವನು. 2024ರಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ಸಿನಿಂದ ಕಂಚು ತಂದ. ಅವನು ಸೆಂಟ್ರಲ್ ರೈಲ್ವೆಯ ನೌಕರ. ಅದೇ ರೈಲ್ವೆಯ ಲೋಕಲ್‌ನಲ್ಲಿ ದಿನಾ ನೇತಾಡುವ ನಮಗೆ ಅದೊಂದು ಹೆಚ್ಚಿನ ಖುಷಿ. ಈಗ ಸಂಜೆ ಆರಕ್ಕೆ ಲೇನ್ ಸಿಗುವುದೇ ಕಷ್ಟ.

ಏರ್ ಪಿಸ್ತೂಲಿನ ಗುರಿಹಲಗೆಯ ನಡುವಿನ ಹತ್ತರ ವೃತ್ತ 11.5 ಮಿಲಿಮೀಟರ್ ಅಗಲ. ಅಲ್ಲಿಂದ ಹೊರಕ್ಕೆ ಪ್ರತಿ 8 ಮಿಲಿಮೀಟರಿಗೆ ಒಂದು ಅಂಕ ಕಡಿಮೆ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಸುಮಾರು 34 ಸೆಂಟಿಮೀಟರ್ ಅಂತರ. ಗುರಿ ಇರುವುದು 10 ಮೀಟರ್ ಆಚೆ. ತ್ರಿಕೋನದ ಲೆಕ್ಕ ಹಾಕಿದರೆ, ಮುಂದಿನ ಸೈಟು ಒಂದು ಮಿಲಿಮೀಟರ್ ಸರಿದರೆ ಗುರಿಯ ಮೇಲೆ ಪೆಲೆಟ್ ಸುಮಾರು 29 ಮಿಲಿಮೀಟರ್ ಸರಿಯುತ್ತದೆ. ಮೂರೂವರೆ ಅಂಕ ಹೋಯಿತು. ಅಂದರೆ ನಾವು ವಿಡಿಯೋದಲ್ಲಿ ಹಿಡಿಯಬೇಕಾದ್ದು ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಅಲುಗಾಟ.

ಈಗ ನನ್ನ ಆಕ್ಷನ್ ಕ್ಯಾಮೆರಾ ನೋಡಿ. 120 ಡಿಗ್ರಿ ಅಗಲ ನೋಡುವ ಲೆನ್ಸನ್ನು ಒಂದೂವರೆ ಮೀಟರ್ ದೂರ ಇಟ್ಟರೆ ಚಿತ್ರದಲ್ಲಿ ಐದು ಮೀಟರಿಗಿಂತ ಹೆಚ್ಚು ಅಗಲದ ಜಾಗ ಬರುತ್ತದೆ. 4ಕೆ ಚಿತ್ರದಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್. ಭಾಗಿಸಿದರೆ ಒಂದು ಪಿಕ್ಸೆಲ್ಲಿಗೆ 1.35 ಮಿಲಿಮೀಟರ್. ಕೈ ಅಷ್ಟು ಅಲುಗಿದರೆ ಗುರಿಯಲ್ಲಿ ಐದು ಅಂಕ ಹೋಗಿರುತ್ತದೆ, ಚಿತ್ರದಲ್ಲಿ ಒಂದೇ ಒಂದು ಚುಕ್ಕೆ ಸರಿದಿರುತ್ತದೆ. ಅಗ್ಗದ ಕ್ಯಾಮೆರಾಗಳಲ್ಲಿ 4ಕೆ ಅನ್ನುವುದು ಎಷ್ಟೋ ಸಲ ಚಿಕ್ಕ ಚಿತ್ರವನ್ನು ಹಿಗ್ಗಿಸಿ ಕೊಟ್ಟದ್ದು ಎಂಬುದು ಬೇರೆ ಮಾತು.

ಇದಕ್ಕೆ ಬದಲಾಗಿ ಬರೀ ಮುಂಗೈ ಮತ್ತು ಪಿಸ್ತೂಲು ಕಾಣುವಂತೆ ಅರ್ಧ ಮೀಟರ್ ಅಗಲವನ್ನಷ್ಟೇ ಸಾಧಾರಣ ಫುಲ್ ಎಚ್‌ಡಿಯಲ್ಲಿ, ಅಂದರೆ 1920 ಪಿಕ್ಸೆಲ್‌ನಲ್ಲಿ ಹಿಡಿದರೆ? ಒಂದು ಪಿಕ್ಸೆಲ್ಲಿಗೆ 0.26 ಮಿಲಿಮೀಟರ್. ಗುರಿಯ ಮೇಲೆ ಅದು ಹೆಚ್ಚುಕಡಿಮೆ 8 ಮಿಲಿಮೀಟರ್. ಒಂದು ಪಿಕ್ಸೆಲ್ ಸರಿದರೆ ಒಂದು ಅಂಕ! ಈ ಲೆಕ್ಕ ಕೂಡಿಬಂದಾಗ ಲೋಕಲ್‌ನಲ್ಲಿ ನಿಂತಿದ್ದೆ. ಪಕ್ಕದವರಿಗೆ ಹೇಳಬೇಕೆನ್ನಿಸಿ ಸುಮ್ಮನಾದೆ. ನಮಗೆ ಬೇಕಿದ್ದದ್ದು 4ಕೆ ಅಲ್ಲವೇ ಅಲ್ಲ, ದೂರದಲ್ಲಿ ನಿಂತು ಹತ್ತಿರಕ್ಕೆ ಎಳೆಯುವ ಆಪ್ಟಿಕಲ್ ಝೂಮ್. ಬೆರಳಿನಿಂದ ಪರದೆ ಹಿಗ್ಗಿಸುವ ಡಿಜಿಟಲ್ ಝೂಮಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಜೇಬಿನ ವಿಡಿಯೋ ಕ್ಯಾಮೆರಾಗಳಿಗೂ ಒಂದು ಕಾಲವಿತ್ತು. ಫ್ಲಿಪ್ ಎಂಬ ಹೆಸರಿನ, ಒಂದು ಕೆಂಪು ಗುಂಡಿಯ ಪುಟ್ಟ ಕ್ಯಾಮೆರಾವನ್ನು ಅಮೆರಿಕದಿಂದ ಬಂದ ನೆಂಟರ ಕೈಯಲ್ಲಿ ನೀವೂ ನೋಡಿರಬಹುದು. ಅದನ್ನು ಮಾಡುತ್ತಿದ್ದ ಕಂಪನಿಯನ್ನು ಸಿಸ್ಕೊ 2009ರಲ್ಲಿ ಸುಮಾರು 59 ಕೋಟಿ ಡಾಲರಿಗೆ ಕೊಂಡು 2011ರಲ್ಲಿ ಬಾಗಿಲು ಮುಚ್ಚಿತು. ಕೊಡಾಕ್‌ನದೂ ಸೋನಿಯದೂ ಆ ಬಗೆಯ ಕ್ಯಾಮೆರಾಗಳಿದ್ದವು. ಎಲ್ಲವನ್ನೂ ಫೋನು ನುಂಗಿತು. ಇಂದು ಅಂಗಡಿಯಲ್ಲಿ ಪಾಕೆಟ್ ಕ್ಯಾಮೆರಾ ಕೇಳಿದರೆ ವ್ಲಾಗ್ ಮಾಡುವವರ ಗಿಂಬಲ್ ಕ್ಯಾಮೆರಾ ತೋರಿಸುತ್ತಾರೆ. ಓಡಾಡುತ್ತ ಮಾತಾಡುವವರಿಗೆ ಅದು ಚೆನ್ನ. ಅಲ್ಲಾಡದೆ ನಿಂತವರ ಅಲುಗಾಟ ನೋಡಲು ಆ ಬೆಲೆ ಕೊಡುವ ಅಗತ್ಯ ನನಗೆ ಕಾಣಲಿಲ್ಲ.

ಹಾಗಾದರೆ ಫೋನೇ ಸಾಲದೇ? ಮುಕ್ಕಾಲು ಪಾಲು ಸಾಕು. ನಿಲುವು, ಪಾದಗಳ ಅಂತರ, ಭುಜ, ತಲೆ, ಉಸಿರು ಇವನ್ನು ನೋಡಲು ಯಾವ ಫೋನಾದರೂ ಆದೀತು. ಹೊಸಬರು ಮೊದಲ ಆರು ತಿಂಗಳು ಬೇರೇನೂ ಕೊಳ್ಳಬೇಡಿ. ತೊಂದರೆ ಬರುವುದು ಎರಡು ಕಡೆ. ಒಂದು, ಹೊತ್ತು. ಪೂರ್ಣ ಸ್ಪರ್ಧೆ ಅಂದರೆ 60 ಗುಂಡು, 75 ನಿಮಿಷ, ಅದಕ್ಕೂ ಮೊದಲು 15 ನಿಮಿಷದ ತಯಾರಿ. ಏಸಿ ಇಲ್ಲದ ರೇಂಜಿನಲ್ಲಿ, ಮೇ ತಿಂಗಳ ಕಲ್ಯಾಣದಲ್ಲಿ, ನನ್ನ ಫೋನು ನಲವತ್ತನೆಯ ನಿಮಿಷಕ್ಕೆ ಕಾದ ಹಂಚಾಗಿ ತಾನೇ ನಿಂತಿತು. ನಡುವೆ ಆಫೀಸಿನ ಕರೆ ಬಂದು ರೆಕಾರ್ಡಿಂಗ್ ಕಡಿದದ್ದೂ ಇದೆ. ಎರಡನೆಯದು ಬೆಳಕು.

ಬೆಳಕಿನ ಈ ಸಂಗತಿಯನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಪಟ್ಟಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಸೆಕೆಂಡಿಗೆ 60 ಫ್ರೇಮ್ ಹಿಡಿಯುವ ಅಮೆರಿಕದ ಲೆಕ್ಕದ ಕ್ಯಾಮೆರಾ ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿಯುವುದುಂಟು. 240 ಫ್ರೇಮಿನ ಸ್ಲೋ ಮೋಷನ್ ಹಾಕಿದರಂತೂ ಇಡೀ ರೇಂಜು ಮದುವೆ ಮಂಟಪದ ಸೀರಿಯಲ್ ಲೈಟಿನಂತೆ ಕಾಣುತ್ತದೆ. ಉಪಾಯ ಸರಳ. ಸೆಟ್ಟಿಂಗ್‌ನಲ್ಲಿ ಪಾಲ್ ಅಥವಾ 50 ಹರ್ಟ್ಸ್ ಆರಿಸಿ, ಶಟರ್ ವೇಗ ಸೆಕೆಂಡಿನ 50ನೇ ಇಲ್ಲವೇ 100ನೇ ಒಂದು ಭಾಗ ಇಡಿ. ಅಮೆರಿಕದ ಅಣ್ಣನೋ ಭಾವನೋ ಕ್ಯಾಮೆರಾ ತಂದುಕೊಡುತ್ತೇನೆ ಎಂದರೆ, ಅದರಲ್ಲಿ 50ರ ಆಯ್ಕೆ ಇದೆಯೇ ಎಂದು ಮೊದಲೇ ಕೇಳಿ. ಹಳೆಯ ಎಷ್ಟೋ ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ.

ಈ ಎಲ್ಲ ಷರತ್ತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಒಂದು ಶನಿವಾರ ಫೋರ್ಟ್ ಕಡೆಗೆ ಹೋದೆ. ಸಿಎಸ್‌ಎಂಟಿ ನಿಲ್ದಾಣದ ಎದುರಿನ ಗಲ್ಲಿಗಳಲ್ಲಿ ಕ್ಯಾಮೆರಾ ಅಂಗಡಿಗಳಿವೆ, ಸೆಕೆಂಡ್ ಹ್ಯಾಂಡೂ ಸಿಗುತ್ತದೆ. ಮೂರನೆಯ ಅಂಗಡಿಯಲ್ಲಿ, ಯಾರೂ ಕೇಳದೆ ಧೂಳು ಹಿಡಿದ ಪೆಟ್ಟಿಗೆಯಲ್ಲಿ ಹ್ಯಾಂಡಿಕ್ಯಾಮ್‌ಗಳು ರಾಶಿ ಬಿದ್ದಿದ್ದವು. ಹತ್ತು ಹನ್ನೆರಡು ವರ್ಷಗಳ ಹಿಂದೆ ಮದುವೆ, ಮುಂಜಿ, ಸ್ಕೂಲ್ ಡೇ ಹಿಡಿದವು. ಅಂಗೈಗೆ ಬೆಲ್ಟು, ಪಕ್ಕಕ್ಕೆ ತೆರೆಯುವ ಪುಟ್ಟ ಪರದೆ, ಇಪ್ಪತ್ತೈದು ಮೂವತ್ತು ಪಟ್ಟು ಆಪ್ಟಿಕಲ್ ಝೂಮ್. ನಮ್ಮ ದೇಶದಲ್ಲಿ ಮಾರಿದವು 50ರ ಲೆಕ್ಕದವೇ ಆದ್ದರಿಂದ ಪಟ್ಟಿಗಳ ಕಾಟವಿಲ್ಲ. ಒಂದನ್ನು ಮಾತ್ರ ಗಮನಿಸಿ: ಮೆನುವಿನಲ್ಲಿ 50ಪಿ ಎಂದಿರಬೇಕು. 50ಐ ಎಂದಿದ್ದರೆ ಪ್ರತಿ ಸಲವೂ ಒಂದು ಗೆರೆ ಬಿಟ್ಟು ಒಂದು ಗೆರೆ, ಅರ್ಧ ಚಿತ್ರವನ್ನಷ್ಟೇ ಹಿಡಿಯುತ್ತದೆ. ಮೇಲೆ ಕೆಳಗೆ ಅಲುಗುವುದನ್ನು ಅಳೆಯಲು ಆಗುವುದಿಲ್ಲ. 2011ರ ನಂತರದ ಮಾದರಿಗಳಲ್ಲಿ 50ಪಿ ಸಿಗುವ ಸಾಧ್ಯತೆ ಹೆಚ್ಚು.

ಆರೂವರೆ ಸಾವಿರಕ್ಕೆ ಕುದುರಿತು. ಕೊಡುವ ಮೊದಲು ಅಲ್ಲೇ ನಿಂತು ಝೂಮನ್ನು ಪೂರ್ತಿ ಎಳೆದು ರಸ್ತೆಯಾಚೆಯ ಬೋರ್ಡು ಓದಿದೆ, ಫೋಕಸನ್ನು ಕೈಯಿಂದ ಲಾಕ್ ಮಾಡಲು ಬರುತ್ತದೆಯೇ ನೋಡಿದೆ, ಹತ್ತು ನಿಮಿಷ ರೆಕಾರ್ಡ್ ಮಾಡಿಸಿದೆ. ಬ್ಯಾಟರಿ ನೋಡಲು ಹತ್ತು ನಿಮಿಷ ಸಾಲದು ಎಂದು ಮುಂದಿನ ಭಾನುವಾರ ತಿಳಿಯಿತು; ಇಪ್ಪತ್ತೈದನೆಯ ನಿಮಿಷಕ್ಕೆ ಕಣ್ಣು ಮುಚ್ಚಿತು. ಲ್ಯಾಮಿಂಗ್ಟನ್ ರೋಡಿನಲ್ಲಿ ದೊಡ್ಡ ಬ್ಯಾಟರಿಗೆ ಮತ್ತೆ ಒಂದೂಕಾಲು ಸಾವಿರ. ಟ್ರೈಪಾಡ್ ಮಾತ್ರ ನಮ್ಮ ಪಕ್ಕದ ಉಲ್ಲಾಸನಗರದ್ದು, ಅದರ ಮೇಲೆ ಯಾವ ದೇಶದ ಹೆಸರು ಬರೆದಿದೆ ಎಂದು ಮುಂಬೈಯವರಿಗೆ ಹೇಳಬೇಕಿಲ್ಲ. ಆಕ್ಷನ್ ಕ್ಯಾಮೆರಾವನ್ನು ಬೈಕಿನ ಹುಚ್ಚಿರುವ ಸಹೋದ್ಯೋಗಿಯೊಬ್ಬರು ಆರು ಸಾವಿರಕ್ಕೆ ಕೊಂಡರು. ಮಳೆಗಾಲದಲ್ಲಿ ಅವರ ವಿಡಿಯೋ ನೋಡಿದಾಗ ಕೊಟ್ಟುಬಿಟ್ಟೆನಲ್ಲ ಅನ್ನಿಸಿತು.

ಇಷ್ಟು ಝೂಮ್ ಮಾಡಿದಾಗ ಪಕ್ಕದಲ್ಲಿ ಯಾರಾದರೂ ನಡೆದರೂ ಚಿತ್ರ ನಡುಗುತ್ತದೆ. ಟ್ರೈಪಾಡಿನ ನಡುಗಂಬಕ್ಕೆ ಎರಡು ಲೀಟರ್ ನೀರಿನ ಬಾಟಲಿ ತೂಗುಹಾಕಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಕ್ಯಾಮೆರಾದ ಸ್ಟೆಬಿಲೈಸೇಷನ್ ಆರಿಸಿಬಿಡಿ, ಟ್ರೈಪಾಡಿನ ಮೇಲೆ ಅದು ಇಲ್ಲದ ತೇಲಾಟ ಸೇರಿಸುತ್ತದೆ. ಆಟೋ ಫೋಕಸ್ಸೂ ಬೇಡ.

ಇನ್ನು ಎಲ್ಲಿಡಬೇಕು ಎಂಬುದು. ಹೊಡೆಯುವ ಗೆರೆಯಿಂದ ಮುಂದಕ್ಕೆ ಕ್ಯಾಮೆರಾವಾಗಲಿ ಕೈಯಾಗಲಿ ಎಂದೂ ಹೋಗಬಾರದು. ರೇಂಜ್ ಆಫೀಸರನ್ನು ಕೇಳಿ, ಯಾರೂ ಹೊಡೆಯದ ಹೊತ್ತಿನಲ್ಲಿ, ಶೂಟರ್‌ನ ಪಕ್ಕಕ್ಕೆ ಸ್ವಲ್ಪ ಹಿಂದೆ ಇಟ್ಟು, ಶುರುವಾದ ಮೇಲೆ ಮುಟ್ಟದಿರುವುದು ಸರಿ. ಫ್ಲ್ಯಾಶಿನ ಮಾತಂತೂ ಬೇಡವೇ ಬೇಡ. ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ದಿನದ ಆ ಅಗಲದ ವಿಡಿಯೋದಲ್ಲಿ ಪಕ್ಕದ ಲೇನಿನ ಹದಿಮೂರು ವರ್ಷದ ಹುಡುಗಿ ಪೂರ್ತಿ ಕಾಣುತ್ತಿದ್ದಳು. ಅವಳ ಅಮ್ಮ ಬಂದು ಮರಾಠಿಯಲ್ಲಿ, ದನಿ ಏರಿಸದೆ, ನನ್ನ ಮಗಳನ್ನು ಯಾಕೆ ಹಿಡಿಯುತ್ತಿದ್ದೀರಿ ಎಂದು ಕೇಳಿದರು. ಉತ್ತರವಿರಲಿಲ್ಲ. ಅವರ ಎದುರಿಗೇ ಅಳಿಸಿದೆ. ಬರೀ ಒಂದು ಕೈ ಕಾಣುವ ಚೌಕಟ್ಟಿನ ದೊಡ್ಡ ಅನುಕೂಲ ಅಂಕದ ಲೆಕ್ಕದ್ದಲ್ಲ, ಇದು.

ಎರಡು ವಾರ ಕಳೆದರೂ ವಿಡಿಯೋಗಳಿಂದ ಏನೂ ಹೊರಡಲಿಲ್ಲ. ಕಾರಣ ಅವಳೇ ಹೇಳಿದಳು: "ನೀವು ಗುಂಡಿ ಒತ್ತಿದ್ದು ಕೇಳಸ್ತೈತಿ. ಆಮ್ಯಾಲಿನ ಗುಂಡು ನಂದಲ್ಲ." ಪ್ರತಿ ಗುಂಡಿಗೂ ಆನ್, ಆಫ್ ಮಾಡುತ್ತ ನಾನೇ ಅವಳನ್ನು ಕಲಕುತ್ತಿದ್ದೆ. ಅಂದಿನಿಂದ ಅವಳು ಪೆಟ್ಟಿಗೆ ತೆಗೆಯುವ ಮೊದಲೇ ಕ್ಯಾಮೆರಾ ಶುರು, ಪೆಟ್ಟಿಗೆ ಮುಚ್ಚಿದ ಮೇಲೆ ಬಂದ್. ನಾನು ಕೆಳಗಿಳಿದು ಶೆಟ್ಟರ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂರುತ್ತೇನೆ. ಆದರೆ ಒಂದೂವರೆ ಗಂಟೆಯ ವಿಡಿಯೋ ನೋಡುವವರು ಯಾರು? ಇಲ್ಲಿ ಮಾತ್ರ ನನ್ನ ಓದು ಉಪಯೋಗಕ್ಕೆ ಬಂತು. ಗುಂಡು ಹಾರಿದಾಗ ಬರುವ 'ಟಪ್' ಸದ್ದು ಆಡಿಯೋದಲ್ಲಿ ಚೂಪಾದ ಗೆರೆಯಾಗಿ ನಿಲ್ಲುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಪ್ರತಿ ಸದ್ದಿನ ಹಿಂದಿನ 20 ಸೆಕೆಂಡು, ಮುಂದಿನ 3 ಸೆಕೆಂಡು ಕತ್ತರಿಸುವಂತೆ ಮಾಡಿದೆ. ಪಕ್ಕದ ಲೇನಿನ ಸದ್ದೂ ಸೇರಿಕೊಳ್ಳುತ್ತದೆ. ದನಿಯ ಮಟ್ಟ ನೋಡಿ ಕೈಯಿಂದ ತೆಗೆಯಬೇಕು. ಆರಿಸಿದ ಹತ್ತು ತುಣುಕುಗಳನ್ನು ಹುಬ್ಬಳ್ಳಿಗೆ ಕಳಿಸಿದೆವು. ವಾಟ್ಸ್‌ಆ್ಯಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿ ನಮ್ಮ ಪಿಕ್ಸೆಲ್ ಲೆಕ್ಕವನ್ನೆಲ್ಲ ತಿಂದುಹಾಕುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಬೇಕು.

ಪೆಲೆಟ್ ಹಾರುವುದನ್ನು ಕಾಣುವ ಆಸೆ ಇದ್ದರೆ ಬಿಡಿ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಅದು 10 ಮೀಟರ್ ದಾಟಲು ಹದಿನೈದನೆಯ ಒಂದು ಸೆಕೆಂಡು ಸಾಕು, ನಮ್ಮ ಕ್ಯಾಮೆರಾದಲ್ಲಿ ಮೂರು ಫ್ರೇಮು. ನೋಡಬೇಕಾದ್ದು ಸದ್ದಿಗೆ ಹಿಂದಿನ ಏಳೆಂಟು ಫ್ರೇಮು. ಒಂದೊಂದಾಗಿ ಮುಂದೆ ತಳ್ಳಿದಾಗ ಕಂಡಿತು: ತೋರುಬೆರಳು ಟ್ರಿಗರ್ ಒತ್ತುವಾಗ ಉಂಗುರದ ಬೆರಳು, ಕಿರುಬೆರಳು ಅದರೊಡನೆ ಹಿಂಡುತ್ತಿದ್ದವು, ಪಿಸ್ತೂಲಿನ ಮೂತಿ ಕೆಳಗೆ ಎರಡು ಪಿಕ್ಸೆಲ್ ಬಾಗುತ್ತಿತ್ತು. ಬಲಗೈಯವರ ಗುಂಡು ಎಡಕ್ಕೆ ಕೆಳಗೆ ಬೀಳುವುದಕ್ಕೆ ಇದು ಹಳೆಯ ಕಾರಣ. ನನಗೆ ಗೆದ್ದ ಹಾಗೆ ಆಯಿತು. ವಿಡಿಯೋ ನಿಲ್ಲಿಸಿ, ಗೆರೆ ಎಳೆದು, ಬಾಣದ ಗುರುತು ಹಾಕಿ ಕಳಿಸಿದೆ.

ಹುಬ್ಬಳ್ಳಿಯ ಸರ್ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಅವರು ಗಡಿಯಾರ ನೋಡಿದ್ದರು. "ಬಟ್ಟು ಯಾಕ ಹಿಂಡಾಕತ್ತಾವು? ಕೈ ದಣದೈತಿ. ನೀ ಹದಿನಾಕು ಸೆಕೆಂಡು ಹಿಡಕೊಂಡು ನಿಂತೀಯಲ್ಲವ್ವಾ!" ಅಂದರು. ನಾನು 60 ತುಣುಕುಗಳನ್ನೂ ಅಳೆದೆ. ಕೈ ಗುರಿಗೆ ಬಂದು ನಿಂತಾಗಿನಿಂದ ಸದ್ದಿನವರೆಗೆ ಎಷ್ಟು ಹೊತ್ತು ಎಂದು ಒಂದು ಎಕ್ಸೆಲ್ ಹಾಳೆ, ಪಕ್ಕದಲ್ಲಿ ಅಂಕ. ಎಂಟು ಸೆಕೆಂಡಿನೊಳಗೆ ಬಿಟ್ಟ ಗುಂಡುಗಳು ಬಹುಪಾಲು ಒಂಬತ್ತು, ಹತ್ತು. ಹನ್ನೆರಡು ದಾಟಿದವು ಏಳು, ಎಂಟು. 60ರಲ್ಲಿ 23 ಗುಂಡು ಹನ್ನೆರಡು ದಾಟಿದ್ದವು. ಒಮ್ಮೆಯಾದರೂ ಕೈ ಕೆಳಗಿಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದ್ದು ಇಡೀ ವಿಡಿಯೋದಲ್ಲಿ ಇರಲಿಲ್ಲ. ಲೇನಿನ ಗಂಟೆಗೆ ದುಡ್ಡು ಕೊಟ್ಟಿದ್ದೇವೆ, ಎತ್ತಿದ ಮೇಲೆ ಹೊಡೆಯಲೇಬೇಕು ಅನ್ನಿಸುತ್ತಿತ್ತಂತೆ. ಅದನ್ನು ಅವಳು ಹೇಳಿದ್ದು ಆಗಲೇ. ನಾನು ಸುಮ್ಮನೆ ಹಾಳೆ ನೋಡುತ್ತ ಕೂತೆ.

ಈ ಎಣಿಕೆಗೆ ಹ್ಯಾಂಡಿಕ್ಯಾಮೂ ಬೇಕಿರಲಿಲ್ಲ. ಡ್ರಾಯರಿನಲ್ಲಿ ಬಿದ್ದಿದ್ದ, ಪರದೆ ಒಡೆದ ಹಳೆಯ ಫೋನೇ ಸಾಕಿತ್ತು. ಕ್ಷಣಕ್ಷಣಕ್ಕೆ ಗುರಿ ಎಲ್ಲಿ ಅಲೆಯಿತು ಎಂದು ಕಂಪ್ಯೂಟರಿನಲ್ಲಿ ಗೆರೆ ಬರೆದು ತೋರಿಸುವ ಸ್ಕ್ಯಾಟ್ ಎಂಬ ಉಪಕರಣವಿದೆ, ದೊಡ್ಡ ಆಟಗಾರರು ಬಳಸುತ್ತಾರೆ. ಅದರ ಬೆಲೆ ಲಕ್ಷದ ಮಾತು. ಅಲ್ಲಿಯವರೆಗೆ ಹೋಗುವ ಮುನ್ನ ನಮ್ಮಂಥವರು ನೋಡಬೇಕಾದ್ದು ಬಹಳ ಇದೆ. ಯಾರಾದರೂ ಕೇಳಿದರೆ ಈಗ ನಾನು ಹೇಳುವ ಕ್ರಮ ಇದು: ಮೊದಲು ಇರುವ ಫೋನು ಮತ್ತು ಒಳ್ಳೆಯ ಟ್ರೈಪಾಡು. ಆರು ತಿಂಗಳಾದ ಮೇಲೂ ಬೆರಳು ಮಣಿಕಟ್ಟಿನ ಪ್ರಶ್ನೆ ಉಳಿದರೆ ಝೂಮ್ ಇರುವ ಸೆಕೆಂಡ್ ಹ್ಯಾಂಡ್ ಹ್ಯಾಂಡಿಕ್ಯಾಮ್. ಹೊಸದನ್ನು, ಚಿಕ್ಕದು ಮುದ್ದಾಗಿದೆ ಎಂದು, ಕೊಳ್ಳಬೇಡಿ.

ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು. ಊರಿಗೆ ಮರಳಿ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ನಾನೂ ಸಾಫ್ಟ್‌ವೇರ್ ಎಂಜಿನಿಯರೇ ಎಂದು ಹೆಂಡತಿಗೆ ನೆನಪಿಸಿದೆ. ಒಂದು ಸಲ ಎತ್ತಿ ಹಿಡಿಯಿರಿ ಎಂದು ಪಿಸ್ತೂಲ್ ಕೊಟ್ಟಳು. ಐದು ಸೆಕೆಂಡಿಗೆ ನನ್ನ ಕೈ ಕಲ್ಯಾಣ-ಶಿಳ್ ರಸ್ತೆಯ ರಿಕ್ಷಾದಂತೆ ಕುಣಿಯಿತು. ಅದರ ವಿಡಿಯೋ ಇದೆ, ಮಗನ ಹತ್ತಿರ.

ಪಿಸ್ತೂಲ್ ಮಾರುವ ಮಾತು ಸದ್ಯಕ್ಕೆ ನಿಂತಿದೆ. ಸ್ಕೋರು 535ರಿಂದ 548ಕ್ಕೆ ಬಂದು, ಒಮ್ಮೆ 551 ಮುಟ್ಟಿ, ಮತ್ತೆ 544ಕ್ಕೆ ಇಳಿದಿದೆ. ರಾತ್ರಿ ಊಟವಾದ ಮೇಲೆ ಹಾಲಿನ ಖಾಲಿ ಗೋಡೆಯ ಎದುರು ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಅಭ್ಯಾಸ ನಡೆಯುತ್ತದೆ. ಅದಕ್ಕೆ ಲೇನಿನ ಬಾಡಿಗೆಯಿಲ್ಲ. ಒಡೆದ ಪರದೆಯ ಫೋನನ್ನು ಸ್ಟೂಲಿನ ಮೇಲೆ ಇಟ್ಟಿರುತ್ತೇವೆ. ಎಂಟು ವರ್ಷದ ಮಗ ಪಕ್ಕದಲ್ಲಿ ಕೂತು ಎಣಿಸುತ್ತಾನೆ. ಎಂಟಾದರೂ 'ಟಕ್' ಎನ್ನದಿದ್ದರೆ ಅವನೇ ಕೂಗುತ್ತಾನೆ, "ಅವ್ವಾ, ಇಳಸು!"